ಪರೀಕ್ಷೆ ಸಿದ್ಧವಿತ್ತು, ಜನ ಬರಲಿಲ್ಲ

ಕಾಯಿಲೆ ಬಂದವರು ವೈದ್ಯರ ಬಳಿ ಹೋಗುತ್ತಾರೆ. ಇದು ಲೋಕರೂಢಿ. ಆದರೆ ಯಾವ ನೋವೂ ಇಲ್ಲದೆ, ಉಂಡು ತಿರುಗಾಡಿಕೊಂಡು ಚೆನ್ನಾಗಿಯೇ ಇರುವ ಮನುಷ್ಯನ ಬಳಿಗೆ ವೈದ್ಯಕೀಯವೇ ನಡೆದುಬಂದು, "ನಿಮ್ಮನ್ನು ಒಮ್ಮೆ ಪರೀಕ್ಷಿಸಬೇಕಾಗಿದೆ" ಎಂದರೆ ಆತ ಏನು ಹೇಳಿಯಾನು? ಓದುಗ ಮಿತ್ರರೇ, ನೀವಾದರೆ ಏನು ಹೇಳುತ್ತೀರಿ?

ವೈದ್ಯರು ಸ್ಕ್ರೀನಿಂಗ್ ಎಂದು ಕರೆಯುವ ಮುಂಚಿತ ತಪಾಸಣೆಯ ಕಥೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ. ಅದರಲ್ಲೂ ಕರುಳಿನ ಕ್ಯಾನ್ಸರಿನ ತಪಾಸಣೆಯಲ್ಲಿ ಈ ಪ್ರಶ್ನೆ ಬಹಳ ಕಠಿಣವಾಗಿ ಎದುರಾಯಿತು. ಏಕೆಂದರೆ ಅಲ್ಲಿ ಪರೀಕ್ಷೆಗೆ ಕೊಡಬೇಕಾದದ್ದು ರಕ್ತವಲ್ಲ, ಮೂತ್ರವಲ್ಲ, ಮಲ. ನಾಲ್ಕು ಜನರೆದುರು ಆ ಮಾತನ್ನು ಎತ್ತುವುದಕ್ಕೇ ಸಂಕೋಚ. "ಹೊರಕಡೆ", "ಬಯಲ ಕಡೆ" ಎಂದು ಸುತ್ತುಬಳಸಿ ಹೇಳುವವರು ನಾವು. ಇಂಗ್ಲಿಷರ ಸಂಕೋಚವೂ ನಮ್ಮದಕ್ಕಿಂತ ಕಡಿಮೆಯದೇನಲ್ಲ.

ಮನೆಗೆ ಬಂದ ಲಕೋಟೆ

2006ರಲ್ಲಿ ಇಂಗ್ಲೆಂಡಿನಲ್ಲಿ ಅರವತ್ತು ದಾಟಿದವರ ಮನೆಗೆ ಅಂಚೆಯಲ್ಲಿ ಒಂದು ಲಕೋಟೆ ಬರತೊಡಗಿತು. ಅದರೊಳಗೆ ಒಂದು ರಟ್ಟಿನ ಕಾರ್ಡು ಮತ್ತು ಕೆಲವು ಪುಟ್ಟ ಕಡ್ಡಿಗಳು. ಮೂರು ಬಾರಿಯ ಮಲದಿಂದ, ಪ್ರತಿ ಬಾರಿಯೂ ಎರಡು ಕಡೆಯ ಮಾದರಿಯನ್ನು ಕಡ್ಡಿಯಿಂದ ತೆಗೆದು ಕಾರ್ಡಿನ ಕಿಂಡಿಗಳಿಗೆ ಸವರಿ, ಮುಚ್ಚಿ, ಅಂಚೆಗೆ ಹಾಕಬೇಕು. ಆಸ್ಪತ್ರೆಗೆ ಅಲೆಯುವುದು ಬೇಡ, ಕಾಸು ಕೊಡುವುದೂ ಬೇಡ. ಎರಡು ವರ್ಷಕ್ಕೊಮ್ಮೆ ಸರ್ಕಾರದ ಆರೋಗ್ಯ ಸೇವೆಯೇ ಇದನ್ನು ಕಳುಹಿಸುತ್ತಿತ್ತು.

ಈ ಕಾರ್ಡಿನ ಹಿಂದಿನ ರಸಾಯನಶಾಸ್ತ್ರ ಹಳೆಯದು. ಗ್ವಾಯಕಮ್ ಎಂಬ ಮರದ ರಾಳಕ್ಕೆ ರಕ್ತ ಸೋಕಿ, ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಬಿದ್ದರೆ ನೀಲಿ ಬಣ್ಣ ಮೂಡುತ್ತದೆ. ರಕ್ತದಲ್ಲಿರುವ ಹೀಮ್ ಎಂಬ ವಸ್ತು ಈ ಕ್ರಿಯೆಯನ್ನು ಚುರುಕುಗೊಳಿಸುವುದೇ ಇದಕ್ಕೆ ಕಾರಣ. ಡಚ್ ವೈದ್ಯ ವಾನ್ ಡೀನ್ 1864ರಲ್ಲೇ ಇದನ್ನು ರಕ್ತ ಪತ್ತೆಗೆ ಬಳಸಿದ್ದ. ಸುಮಾರು ನೂರು ವರ್ಷಗಳ ಬಳಿಕ, 1967ರಲ್ಲಿ, ಡೇವಿಡ್ ಗ್ರೀಗರ್ ಎಂಬ ಅಮೆರಿಕನ್ ವೈದ್ಯರು ಇದೇ ರಾಳ ಹಚ್ಚಿದ ಕಾಗದದಿಂದ, ಯಾವ ರೋಗಲಕ್ಷಣವೂ ಇಲ್ಲದವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆ ಮಾಡಬಹುದೆಂದು ತೋರಿಸಿಕೊಟ್ಟರು.

ಈ ಕ್ಯಾನ್ಸರಿನ ಸ್ವಭಾವವೂ ತಪಾಸಣೆಗೆ ಅನುಕೂಲವಾಗಿಯೇ ಇದೆ. ಬಹುಪಾಲು ಅದು ಕರುಳಿನ ಒಳಗೋಡೆಯ ಮೇಲೆ ಹುಟ್ಟುವ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗುತ್ತದೆ. ಆ ಗಂಟು ಕ್ಯಾನ್ಸರ್ ಆಗಿ ತಿರುಗಲು ಸಾಮಾನ್ಯವಾಗಿ ಹತ್ತಾರು ವರ್ಷ ಬೇಕು. ಆ ಅವಧಿಯಲ್ಲಿ ಅದರಿಂದ ಕಣ್ಣಿಗೆ ಕಾಣದಷ್ಟು ರಕ್ತ ಒಸರುತ್ತಿರಬಹುದು. ಅದು ಸಿಕ್ಕಿದರೆ, ಕೊಲೊನೋಸ್ಕೋಪ್ ಎಂಬ ನಳಿಕೆಯನ್ನು ಒಳಗೆ ಬಿಟ್ಟು ಗಂಟನ್ನು ಕತ್ತರಿಸಿ ತೆಗೆಯಬಹುದು. ರೋಗ ಮೊದಲ ಹಂತದಲ್ಲಿ ಸಿಕ್ಕವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೂ ಹೆಚ್ಚು ಐದು ವರ್ಷ ದಾಟಿ ಬದುಕುತ್ತಾರೆ. ದೇಹದ ಬೇರೆಡೆಗೆ ಹರಡಿದ ಮೇಲೆ ಸಿಕ್ಕವರಲ್ಲಿ ಹಾಗೆ ಬದುಕುವವರು ಹತ್ತರಲ್ಲಿ ಒಬ್ಬರ ಆಸುಪಾಸು. 2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ಒಂದೇ ವರ್ಷ 19 ಲಕ್ಷ ಜನರಿಗೆ ಈ ಕ್ಯಾನ್ಸರ್ ಬಂತು, ಸುಮಾರು 9 ಲಕ್ಷ ಜನ ಇದರಿಂದ ತೀರಿಕೊಂಡರು.

ಕಾರ್ಡಿನ ಪರೀಕ್ಷೆ ಪ್ರಾಣ ಉಳಿಸುತ್ತದೆ ಎಂಬುದೂ ಸಿದ್ಧವಾಗಿತ್ತು. 1993ರಲ್ಲಿ ಪ್ರಕಟವಾದ ಅಮೆರಿಕದ ಮಿನೆಸೋಟಾ ಅಧ್ಯಯನದಲ್ಲಿ 46,000ಕ್ಕೂ ಹೆಚ್ಚು ಜನರಿದ್ದರು. ವರ್ಷಕ್ಕೊಮ್ಮೆ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇಕಡಾ 33ರಷ್ಟು ಕಡಿಮೆಯಾಗಿತ್ತು. 1996ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಮತ್ತು ಡೆನ್ಮಾರ್ಕಿನ ಫ್ಯೂನೆನ್ ಅಧ್ಯಯನಗಳು, ಎರಡು ವರ್ಷಕ್ಕೊಮ್ಮೆ ಕರೆದರೂ ಶೇಕಡಾ 15ರಿಂದ 18ರಷ್ಟು ಸಾವು ತಪ್ಪುತ್ತದೆ ಎಂದವು.

ಇಷ್ಟೆಲ್ಲ ಆದ ಮೇಲೆ ಇಂಗ್ಲೆಂಡ್ ಲಕೋಟೆ ಕಳುಹಿಸಿತು. ಮೊದಲ 26 ಲಕ್ಷ ಆಹ್ವಾನಗಳ ಲೆಕ್ಕ ತೆಗೆದಾಗ ಕಾರ್ಡು ಹಿಂದಿರುಗಿಸಿದವರು ಶೇಕಡಾ 54. ಉಳಿದವರ ಲಕೋಟೆಗಳು ಎಲ್ಲಿ ಹೋದವೋ! ಈ ಸರಾಸರಿಯ ಒಳಗೆ ಇನ್ನೂ ಒಂದು ಲೆಕ್ಕ ಅಡಗಿತ್ತು. ಅತಿ ಅನುಕೂಲವಂತರ ಬಡಾವಣೆಗಳಲ್ಲಿ ಶೇಕಡಾ 61 ಮಂದಿ ಸ್ಪಂದಿಸಿದ್ದರೆ, ಅತಿ ಬಡ ಬಡಾವಣೆಗಳಲ್ಲಿ ಸ್ಪಂದಿಸಿದವರು ಶೇಕಡಾ 35 ಮಾತ್ರ. ಅದಕ್ಕೂ ಮೊದಲು ಕವೆಂಟ್ರಿ ಮತ್ತು ವಾರ್ವಿಕ್‌ಷೈರ್‌ನಲ್ಲಿ ನಡೆದ ಪ್ರಾಯೋಗಿಕ ಹಂತದಲ್ಲಿಯೇ, ನಮ್ಮ ಉಪಖಂಡದಿಂದ ಹೋಗಿ ನೆಲೆಸಿದ ಕುಟುಂಬಗಳಲ್ಲಿ ಪಾಲ್ಗೊಂಡವರು ಉಳಿದವರಿಗಿಂತ ಬಹಳ ಕಡಿಮೆ ಎಂಬುದು ಕಂಡುಬಂದಿತ್ತು. ಎಲ್ಲರಿಗೂ ಪುಕ್ಕಟೆ, ಎಲ್ಲರ ಬಾಗಿಲಿಗೂ ಒಂದೇ ಲಕೋಟೆ. ಆದರೂ ಬದುಕುವ ಅವಕಾಶ ಎಲ್ಲರಿಗೂ ಸಮನಾಗಿ ಹಂಚಿಹೋಗಲಿಲ್ಲ. ಏಕೆ?

ಎಕ್ಸ್-ರೇ ವಾಹನದಿಂದ ಬಂದ ಪಾಠ

ಈ "ಏಕೆ" ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಕೇಳಿದ್ದು ಬೇರೊಂದು ಕಾಯಿಲೆಯ ವಿಷಯದಲ್ಲಿ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ ಕ್ಷಯರೋಗ ಪತ್ತೆಗಾಗಿ ಎಕ್ಸ್-ರೇ ವಾಹನಗಳನ್ನು ಬಡಾವಣೆ ಬಡಾವಣೆಗೆ ಕಳುಹಿಸುತ್ತಿತ್ತು. ಅಲ್ಲೂ ಎಲ್ಲ ಉಚಿತ, ಮನೆ ಹತ್ತಿರವೇ. ಬಂದವರು ಮಾತ್ರ ನಿರೀಕ್ಷೆಗಿಂತ ಕಡಿಮೆ. ಇಲಾಖೆ ಈ ಸಮಸ್ಯೆಯನ್ನು ಮನಶ್ಶಾಸ್ತ್ರಜ್ಞರ ಮುಂದಿಟ್ಟಿತು. ಗಾಡ್‌ಫ್ರೀ ಹಾಕ್‌ಬಾಮ್, ಇರ್ವಿನ್ ರೋಸೆನ್‌ಸ್ಟಾಕ್, ಸ್ಟೀಫನ್ ಕೆಗೆಲ್ಸ್ ಮತ್ತು ಹೊವಾರ್ಡ್ ಲೆವೆಂತಾಲ್ ಈ ಕೆಲಸದಲ್ಲಿ ತೊಡಗಿದವರು.

ಹಾಕ್‌ಬಾಮ್ ಅವರು ಬಾಸ್ಟನ್, ಕ್ಲೀವ್‌ಲ್ಯಾಂಡ್ ಮತ್ತು ಡೆಟ್ರಾಯಿಟ್ ನಗರಗಳ 1,200ಕ್ಕೂ ಹೆಚ್ಚು ವಯಸ್ಕರನ್ನು ಮಾತನಾಡಿಸಿದರು. ಅವರು ಹುಡುಕಿದ್ದು ಎರಡು ನಂಬಿಕೆಗಳನ್ನು. ಕ್ಷಯ ನನಗೂ ಬರಬಹುದು ಎಂಬುದು ಒಂದು. ಲಕ್ಷಣ ಕಾಣುವ ಮೊದಲೇ ಪತ್ತೆಯಾದರೆ ಒಳ್ಳೆಯದು ಎಂಬುದು ಇನ್ನೊಂದು. ಎರಡೂ ಇದ್ದವರಲ್ಲಿ ಶೇಕಡಾ 82 ಮಂದಿ ಒಮ್ಮೆಯಾದರೂ ತಾವಾಗಿ ಹೋಗಿ ಎಕ್ಸ್-ರೇ ತೆಗೆಸಿಕೊಂಡಿದ್ದರು. ಎರಡೂ ಇಲ್ಲದವರಲ್ಲಿ ಹಾಗೆ ಮಾಡಿದವರು ಶೇಕಡಾ 21. 1958ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಮುಂದೆ ಇದೇ "ಆರೋಗ್ಯ ನಂಬಿಕೆಯ ಮಾದರಿ" ಎಂದು ಹೆಸರಾಯಿತು.

ಇಲ್ಲಿ ನಂಬಿಕೆ ಎಂದರೆ ದೇವರು ದಿಂಡರ ಮೇಲಿನ ನಂಬಿಕೆಯಲ್ಲ. ನಮ್ಮ ಮೈಯ ಬಗ್ಗೆ ನಾವು ಮನಸ್ಸಿನೊಳಗೇ ಹಾಕಿಕೊಳ್ಳುವ ಲೆಕ್ಕ. ನನಗೆ ಬರುತ್ತದೆಯೇ? ಬಂದರೆ ಎಷ್ಟು ಗಂಡಾಂತರ? ಪರೀಕ್ಷೆ ಮಾಡಿಸಿಕೊಂಡರೆ ಏನು ಲಾಭ? ಮಾಡಿಸಿಕೊಳ್ಳಲು ಏನು ತೊಡಕು? ಈ ನಾಲ್ಕರ ಜೊತೆಗೆ, ಕೈಹಿಡಿದು ಎಬ್ಬಿಸುವ ಒಂದು ನೆಪವೂ ಬೇಕು. ವೈದ್ಯರ ಒಂದು ಮಾತು, ನೆರೆಮನೆಯ ಒಂದು ಸಾವು, ಟೀವಿಯ ಒಂದು ಕಾರ್ಯಕ್ರಮ, ಏನೂ ಆಗಬಹುದು. 1980ರ ದಶಕದಲ್ಲಿ ಇದಕ್ಕೆ ಆರನೆಯದೊಂದು ಸೇರಿತು: "ಇದು ನನ್ನ ಕೈಲಾಗುತ್ತದೆ" ಎಂಬ ಧೈರ್ಯ.

ವಿಜ್ಞಾನ ಓದಿದವರಿಗೆ ಇಲ್ಲೊಂದು ಅನುಮಾನ ಬರಬೇಕು. ಜನ ನಂಬಿದ್ದರಿಂದ ಬಂದರೋ, ಬಂದಿದ್ದರಿಂದ ನಂಬಿದರೋ? ಪರೀಕ್ಷೆ ಆದ ಮೇಲೆ ಕೇಳಿದ ಪ್ರಶ್ನೆಗೆ, ತಾವು ಮಾಡಿದ್ದಕ್ಕೆ ಒಪ್ಪುವ ಉತ್ತರವನ್ನೇ ಜನ ಕೊಟ್ಟಿರಬಹುದಲ್ಲವೇ? ಈ ಆಕ್ಷೇಪ ನ್ಯಾಯವಾದದ್ದು. ಆದರೂ ಆ ಮಾದರಿ ಒಂದು ದೊಡ್ಡ ಉಪಕಾರ ಮಾಡಿತು. ಬಾರದವನನ್ನು "ಅಜ್ಞಾನಿ" ಎಂದು ತಳ್ಳಿಹಾಕುವ ಬದಲು, ಅವನಿಗೂ ಅವನದೇ ಆದ ಕಾರಣಗಳಿವೆ, ಅವನ್ನು ಕೇಳಿ ತಿಳಿಯಬೇಕು ಎಂದು ಆರೋಗ್ಯ ಇಲಾಖೆಗಳಿಗೆ ಕಲಿಸಿತು.

ಕೇಳಿದಾಗ ಸಿಕ್ಕ ಉತ್ತರಗಳು

ಕರುಳಿನ ತಪಾಸಣೆಯ ವಿಷಯದಲ್ಲಿ ಹಾಗೆ ಕೇಳಿದಾಗ ಸಿಕ್ಕ ಉತ್ತರಗಳು ನಮಗೆ ಹೊಸವೇನಲ್ಲ. "ನನಗೇನೂ ಆಗಿಲ್ಲ, ಹೊಟ್ಟೆ ಸರಿಯಾಗಿಯೇ ಇದೆ" ಎಂಬುದು ಮೊದಲನೆಯದು. ಲಕ್ಷಣವಿಲ್ಲದಾಗಲೇ ಈ ಪರೀಕ್ಷೆ ಹೆಚ್ಚು ಉಪಯುಕ್ತ ಎಂಬುದು ಸಹಜಬುದ್ಧಿಗೆ ಒಗ್ಗದ ಮಾತು. ಎರಡನೆಯದು ಅಸಹ್ಯ. ತೊಳೆದು ಮರೆಯಬೇಕಾದ್ದನ್ನು ಕಡ್ಡಿಯಲ್ಲಿ ತೆಗೆದು, ಮೂರು ಬಾರಿಯದು ಸೇರುವ ತನಕ ಮನೆಯಲ್ಲಿಟ್ಟುಕೊಳ್ಳುವುದೆಂದರೆ ಯಾರಿಗೆ ಮನಸ್ಸು ಬಂದೀತು? ಮಡಿ ಮೈಲಿಗೆಯ ಎಣಿಕೆಯಲ್ಲಿ ಬೆಳೆದವರಿಗಂತೂ ಕೇಳುವುದೇ ಬೇಡ. ಮೂರನೆಯದು ಹೆದರಿಕೆ: "ಗೊತ್ತಾಗದಿದ್ದರೇ ಒಳ್ಳೆಯದು, ಸುಮ್ಮನೆ ಹುತ್ತಕ್ಕೆ ಯಾಕೆ ಕೈ ಹಾಕುವುದು?" ನಾಲ್ಕನೆಯದು ಹಣೆಬರಹ: "ಕ್ಯಾನ್ಸರ್ ಎಂದರೆ ಸಾವೇ. ಮೊದಲು ತಿಳಿದರೇನು, ಆಮೇಲೆ ತಿಳಿದರೇನು?"

ಈ ಕೊನೆಯೆರಡು ಉತ್ತರಗಳನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಜೇನ್ ವಾರ್ಡಲ್ ಮತ್ತು ಅವರ ಸಹೋದ್ಯೋಗಿಗಳು ಬಹುಕಾಲ ಅಭ್ಯಸಿಸಿದರು. ಅವರು ಕಂಡುಕೊಂಡದ್ದು ಸೂಕ್ಷ್ಮವಾದ ಸಂಗತಿ. ಭಯದಲ್ಲೂ ಬಗೆಗಳಿವೆ. ಕ್ಯಾನ್ಸರ್ ಬಂದೀತೆಂದು ಆಗಾಗ ಚಿಂತಿಸುವವರು ಪರೀಕ್ಷೆಗೆ ಹೋಗಬೇಕೆಂದುಕೊಳ್ಳುತ್ತಾರೆ. ಆದರೆ ಆ ಹೆಸರನ್ನು ನೆನೆಯುವುದೇ ಮನಸ್ಸಿಗೆ ಕಷ್ಟವೆನ್ನುವವರು ಪರೀಕ್ಷೆಯಿಂದ ದೂರ ಉಳಿಯುತ್ತಾರೆ. ಹಾಗಾಗಿ ಹೆದರಿಸಿ ಕರೆತರುತ್ತೇವೆ ಎಂದು ಹೊರಟವರು ಒಬ್ಬನನ್ನು ಎಬ್ಬಿಸಿ ಇನ್ನೊಬ್ಬನನ್ನು ಓಡಿಸಿಯಾರು.

ಹೆದರಿಕೆಯ ಮಿತಿಯನ್ನು ಲೆವೆಂತಾಲ್ 1965ರಲ್ಲೇ ತೋರಿಸಿದ್ದರು. ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಕರಪತ್ರಗಳನ್ನು ಓದಿಸಲಾಯಿತು. ಕೆಲವು ಭಯಂಕರ, ಕೆಲವು ಸೌಮ್ಯ. ಭಯಂಕರವಾದದ್ದನ್ನು ಓದಿದವರು ಚುಚ್ಚುಮದ್ದು ಅಗತ್ಯವೆಂದು ಹೆಚ್ಚಾಗಿ ಒಪ್ಪಿದರು. ಆದರೆ ಬರೀ ಒಪ್ಪಿಗೆಯಿಂದ ಯಾರೂ ಎದ್ದು ಹೋಗಿ ಚುಚ್ಚಿಸಿಕೊಳ್ಳಲಿಲ್ಲವೆಂದರೂ ನಡೆದೀತು, ನೂರಕ್ಕೆ ಸುಮಾರು ಮೂವರು ಅಷ್ಟೇ. ಆರೋಗ್ಯ ಕೇಂದ್ರದ ನಕ್ಷೆಯನ್ನೂ ಹೋಗುವ ಸಮಯದ ಸೂಚನೆಯನ್ನೂ ಜೊತೆಗೆ ಕೊಟ್ಟಾಗ ಹೋದವರು ನೂರಕ್ಕೆ ಸುಮಾರು 28. ಆ ಕೇಂದ್ರ ಎಲ್ಲಿದೆಯೆಂದು ಆ ವಿದ್ಯಾರ್ಥಿಗಳಿಗೆ ಮೊದಲೇ ಗೊತ್ತಿತ್ತು ಎಂಬುದನ್ನು ಮರೆಯಬಾರದು. ಮನಸ್ಸಿನಿಂದ ಕಾಲಿಗೆ ಇಳಿಯಲು ದಾರಿ ಬೇಕು, ಅಷ್ಟೇ.

ಟೆಲಿವಿಷನ್ ಮಾಡಿದ್ದೆಷ್ಟು?

ನಾವು ಟೆಲಿವಿಷನ್ ಮಾಧ್ಯಮದವರು ಮಾಹಿತಿ ಕೊಟ್ಟರೆ ಜನ ಬದಲಾಗುತ್ತಾರೆಂದು ನಂಬಿ ಕೆಲಸ ಮಾಡುವವರು. ಆ ನಂಬಿಕೆಗೂ ಒಂದು ಪರೀಕ್ಷೆ ನಡೆದಿದೆ. ಅಮೆರಿಕದ ಎನ್‌ಬಿಸಿ ವಾಹಿನಿಯ ಜನಪ್ರಿಯ ನಿರೂಪಕಿ ಕೇಟಿ ಕೌರಿಕ್ ಅವರ ಪತಿ 1998ರಲ್ಲಿ, 42ನೇ ವಯಸ್ಸಿನಲ್ಲಿ, ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. 2000ದ ಮಾರ್ಚಿನಲ್ಲಿ ಆಕೆ ತಮ್ಮ ಬೆಳಗಿನ ಕಾರ್ಯಕ್ರಮದಲ್ಲೇ ತಮಗೆ ನಡೆದ ಕೊಲೊನೋಸ್ಕೋಪಿಯನ್ನು ದೇಶಕ್ಕೆಲ್ಲ ತೋರಿಸಿದರು. ಮಾತಾಡಲೂ ನಾಚುವ ಸಂಗತಿ ಉಪಾಹಾರದ ಹೊತ್ತಿಗೆ ಮನೆಮನೆಯ ತೆರೆಯ ಮೇಲೆ ಬಂತು.

ಸಂಶೋಧಕರು ವೈದ್ಯರ ದಾಖಲೆಗಳನ್ನು ತೆಗೆದು ನೋಡಿದರು. ಅದಕ್ಕೆ ಮೊದಲು ಒಬ್ಬೊಬ್ಬ ವೈದ್ಯರು ತಿಂಗಳಿಗೆ ಸರಾಸರಿ 15 ಕೊಲೊನೋಸ್ಕೋಪಿ ಮಾಡುತ್ತಿದ್ದರೆ, ಆಮೇಲೆ ಅದು 18ಕ್ಕೆ ಏರಿತ್ತು. ಒಂಬತ್ತು ತಿಂಗಳ ತನಕ ಆ ಏರಿಕೆ ನಿಂತಿತ್ತು. ನಮ್ಮ ವೃತ್ತಿಯವರಿಗೆ ಇದು ಹೆಮ್ಮೆಯ ಅಂಕಿ. ಆದರೆ ಇನ್ನೊಂದು ಬದಿಯಿಂದಲೂ ನೋಡಬೇಕು. ಕಾರ್ಯಕ್ರಮ ನೋಡಿ ಎದ್ದು ಹೋಗಲು ವೈದ್ಯರಿರಬೇಕು, ವಿಮೆಯಿರಬೇಕು, ಒಂದು ದಿನದ ಸಂಬಳ ಹೋದರೂ ಒಲೆ ಉರಿಯಬೇಕು. ತೆರೆ ನೆಪವಾಗಬಲ್ಲದು. ತೊಡಕನ್ನು ತೆಗೆಯಲಾರದು.

ತುಮಕೂರು ಹೇಳಿದ ಮಾತು

ತೊಡಕಿನ ಮಾತಿಗೆ ನಮ್ಮ ನಾಡಿನಲ್ಲೇ ನಡೆದ ಒಂದು ಮಹತ್ವದ ಅಧ್ಯಯನವನ್ನು ನೆನೆಯಬೇಕು. ಕಾಯಿಲೆ ಅದೇ ಕ್ಷಯ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯವರು ತಿಳಿವಳಿಕೆ ಇಲ್ಲದ್ದರಿಂದ ಆಸ್ಪತ್ರೆಗೆ ಬರುವುದಿಲ್ಲ ಎಂಬ ಮಾತು ಆಗ ಸಾಮಾನ್ಯವಾಗಿತ್ತು. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನು ಅವರ ಊರುಗಳಲ್ಲೇ ಕಂಡು ವಿಚಾರಿಸಿದರು. 1963ರಲ್ಲಿ ಪ್ರಕಟವಾದ ಅವರ ವರದಿ ಆ ಮಾತನ್ನು ಬುಡಮೇಲು ಮಾಡಿತು. ರೋಗಿಗಳಲ್ಲಿ ಬಹುಪಾಲು ಜನಕ್ಕೆ ತಮಗೆ ಏನೋ ಆಗಿದೆಯೆಂಬ ಅರಿವಿತ್ತು, ಅದರ ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ, ಕೆಮ್ಮಿನ ಔಷಧಿಯ ಸೀಸೆ ಹಿಡಿದು ಹಿಂದಿರುಗಿದ್ದರು!

ಆ ರೋಗಿಗಳಿಗೆ ಲಕ್ಷಣಗಳಿದ್ದವು, ಲಕೋಟೆ ಪಡೆದ ಇಂಗ್ಲಿಷರಿಗೆ ಇರಲಿಲ್ಲ. ಈ ವ್ಯತ್ಯಾಸ ದೊಡ್ಡದು. ಆದರೂ ತುಮಕೂರಿನ ಪಾಠ ಇಲ್ಲಿಗೂ ಸಲ್ಲುತ್ತದೆ. ಜನರ ನಂಬಿಕೆಯನ್ನು ದೂರುವ ಮೊದಲು ನಮ್ಮ ವ್ಯವಸ್ಥೆ ಹೇಗಿದೆಯೆಂದು ನೋಡಿಕೊಳ್ಳಬೇಕು.

ಇದಕ್ಕೆ ಎರಡು ಸಾಕ್ಷಿಗಳಿವೆ. ಮೊದಲನೆಯದು ಅಮೆರಿಕದ ಡೆಲವೇರ್ ಎಂಬ ಪುಟ್ಟ ರಾಜ್ಯದ್ದು. ಕಪ್ಪು ಜನರು ಕರುಳಿನ ತಪಾಸಣೆಗೆ ಬಾರದಿರಲು ವೈದ್ಯರ ಮೇಲಿನ ಅಪನಂಬಿಕೆಯೇ ಕಾರಣವೆಂದು ಅಮೆರಿಕದಲ್ಲಿ ಹೇಳುವುದುಂಟು. ಅಪನಂಬಿಕೆಗೆ ಚರಿತ್ರೆಯ ಆಧಾರವೂ ಇದೆ. ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ರೋಗವಿದ್ದ ಕಪ್ಪು ಪುರುಷರಿಗೆ ಚಿಕಿತ್ಸೆ ಕೊಡದೆ ಬರೀ ಗಮನಿಸುತ್ತಾ ಕುಳಿತದ್ದು ಸರ್ಕಾರಿ ವೈದ್ಯರೇ. ಆದರೂ ಡೆಲವೇರ್ ಕಾರ್ಯಕ್ರಮದ ದಾರಿ ಹಿಡಿಯಿತು. ವಿಮೆಯಿಲ್ಲದವರ ತಪಾಸಣೆಯ ಖರ್ಚನ್ನೂ, ಕ್ಯಾನ್ಸರ್ ಕಂಡರೆ ಚಿಕಿತ್ಸೆಯ ಖರ್ಚನ್ನೂ ರಾಜ್ಯವೇ ವಹಿಸಿತು. ದಿನ ಗೊತ್ತು ಮಾಡಿ, ಜೊತೆಗಿದ್ದು ಮಾಡಿಸುವ ಸಹಾಯಕರನ್ನು ನೇಮಿಸಿತು. 2001ರಲ್ಲಿ ಶೇಕಡಾ 48 ಇದ್ದ ಕಪ್ಪು ಜನರ ತಪಾಸಣೆ 2009ರ ಹೊತ್ತಿಗೆ ಶೇಕಡಾ 74ಕ್ಕೆ ಏರಿ ಬಿಳಿಯರ ಸಮಕ್ಕೆ ಬಂತು. ಈ ಕ್ಯಾನ್ಸರಿನ ಸಾವಿನಲ್ಲಿದ್ದ ಅಂತರವೂ ಬಹುಮಟ್ಟಿಗೆ ಅಳಿಯಿತು.

ಎರಡನೆಯ ಸಾಕ್ಷಿ ಇಂಗ್ಲೆಂಡಿನ ಲಕೋಟೆಯದೇ. ಫಿಟ್ ಎಂಬ ಹೊಸ ಪರೀಕ್ಷೆ ಬಂತು. ಇದರಲ್ಲಿ ಮನುಷ್ಯರ ಹಿಮೋಗ್ಲೋಬಿನ್ನನ್ನಷ್ಟೇ ಗುರುತಿಸುವ ಪ್ರತಿಕಾಯಗಳನ್ನು ಬಳಸುತ್ತಾರೆ. ಹಾಗಾಗಿ ತಿಂದ ಮಾಂಸ ಲೆಕ್ಕವನ್ನು ಕೆಡಿಸುವುದಿಲ್ಲ. ಮಾದರಿಯೂ ಒಂದೇ ಸಾಕು. ಪುಟ್ಟ ಸೀಸೆಯ ಮುಚ್ಚಳಕ್ಕೆ ಅಂಟಿಕೊಂಡ ಕಡ್ಡಿಯನ್ನು ಒಮ್ಮೆ ತಾಗಿಸಿ ಮುಚ್ಚಿಬಿಟ್ಟರೆ ಮುಗಿಯಿತು. ಎರಡನ್ನೂ ಹೋಲಿಸಿ ನೋಡಿದ ಪ್ರಯೋಗದಲ್ಲಿ ಹಳೆಯ ಕಾರ್ಡಿಗೆ ಶೇಕಡಾ 59 ಜನ ಸ್ಪಂದಿಸಿದ್ದರೆ, ಹೊಸ ಸೀಸೆಗೆ ಶೇಕಡಾ 66. ಹಿಂದೆ ಲಕೋಟೆಗೆ ಉತ್ತರಿಸದೇ ಇದ್ದವರಲ್ಲಿ ಈ ಏರಿಕೆ ಸುಮಾರು 12ರಿಂದ 24ಕ್ಕೆ, ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು. ಸ್ಕಾಟ್ಲೆಂಡ್ 2017ರಲ್ಲಿ, ಇಂಗ್ಲೆಂಡ್ 2019ರಲ್ಲಿ ಹೊಸ ಪರೀಕ್ಷೆಗೆ ಬದಲಾದವು. ಜನರ ಮನಸ್ಸನ್ನು ತಿದ್ದಲು ವರ್ಷಗಟ್ಟಲೆ ಹೆಣಗಿದ ಮೇಲೆ, ಕಡ್ಡಿಯನ್ನು ತಿದ್ದಿದ್ದು ಹೆಚ್ಚು ಕೆಲಸ ಮಾಡಿತು. ಅಸಹ್ಯ ಒಂದು ತಪ್ಪು ನಂಬಿಕೆಯಲ್ಲ. ಅದು ಹೇಗಿದೆಯೋ ಹಾಗೆ ಒಪ್ಪಿಕೊಂಡು ಪರೀಕ್ಷೆಯನ್ನು ಅದಕ್ಕೆ ಹೊಂದಿಸಬೇಕಾಗಿತ್ತು.

ಇಷ್ಟಾದರೂ ಕೆಲವರು ಬೇಡವೆಂದಾರು. ಅವರ ಮಾತಿನಲ್ಲೂ ಹುರುಳಿಲ್ಲದೆ ಇಲ್ಲ. ರಕ್ತ ಕಂಡವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ, ಆದರೂ ಫಲಿತಾಂಶ ಬರುವ ತನಕ ನಿದ್ದೆ ಹೋಗುತ್ತದೆ. ಕೊಲೊನೋಸ್ಕೋಪಿಯಲ್ಲಿ ಅಪರೂಪಕ್ಕೆ ಕರುಳಿಗೆ ಪೆಟ್ಟಾಗುವುದೂ ಉಂಟು. ಲಾಭದ ಜೊತೆಗೆ ಇದನ್ನೂ ಹೇಳಿದರೆ ಮಾತ್ರ ಕರೆಯುವವರ ಮೇಲೆ ವಿಶ್ವಾಸ ಉಳಿಯುತ್ತದೆ.

ನಮ್ಮ ಮನೆಯ ಮಾತು

ಭಾರತದಲ್ಲಿ ಕರುಳಿನ ಕ್ಯಾನ್ಸರಿಗೆ ಇಂಥ ರಾಷ್ಟ್ರೀಯ ತಪಾಸಣೆ ಇಲ್ಲ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಈ ಕಾಯಿಲೆಯ ಪ್ರಮಾಣ ಕಡಿಮೆ. ಸರ್ಕಾರದ ಕಾರ್ಯಕ್ರಮದಲ್ಲಿ ಮೂವತ್ತು ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆ ಇದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದ ಮಹಿಳೆಯರಲ್ಲಿ ಗರ್ಭಕೊರಳಿನ ತಪಾಸಣೆಗೆ ಒಮ್ಮೆಯಾದರೂ ಒಳಗಾದವರು ಶೇಕಡಾ 1.9 ಮಾತ್ರ. ಇಂಗ್ಲೆಂಡಿನ 54ರ ಬಗ್ಗೆ ಇಷ್ಟು ಹೊತ್ತು ಮಾತನಾಡಿದ ನಾವು ಈ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕು. ಇಲ್ಲೂ "ನಮ್ಮ ಹೆಣ್ಣುಮಕ್ಕಳಿಗೆ ನಾಚಿಕೆ" ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕೇಂದ್ರ ಎಷ್ಟು ದೂರ, ಅಲ್ಲಿ ಮಹಿಳಾ ವೈದ್ಯರಿದ್ದಾರೆಯೇ, ಪರದೆಯಿದೆಯೇ, ಕಾಯಿಲೆ ಕಂಡರೆ ಮುಂದಿನ ಖರ್ಚು ಯಾರದು ಎಂದು ಕೇಳಿದ ಮೇಲೆ ಮಾತ್ರ ನಾಚಿಕೆಯ ಮಾತು ಬರಬೇಕು.

ಕರುಳಿನ ವಿಷಯದಲ್ಲಿ ನಮ್ಮಲ್ಲಿ ಬೇರೂರಿರುವ ನಂಬಿಕೆಯೊಂದನ್ನು ಮಾತ್ರ ಈಗಲೇ ಬಿಡಬಹುದು. ಮಲದಲ್ಲಿ ರಕ್ತ ಕಂಡರೆ "ಮೂಲವ್ಯಾಧಿ ಇರಬೇಕು, ಉಷ್ಣವಾಗಿದೆ" ಎಂದು ಮಜ್ಜಿಗೆ ಕುಡಿದು ಸುಮ್ಮನಾಗುವುದು ನಮ್ಮ ರೂಢಿ. ಅನೇಕ ವೇಳೆ ಅದು ಮೂಲವ್ಯಾಧಿಯೇ ಆಗಿರುತ್ತದೆ. ಆದರೆ ಅದನ್ನು ಪರೀಕ್ಷಿಸಿ ಹೇಳಬೇಕಾದವರು ವೈದ್ಯರು, ಅಕ್ಕಪಕ್ಕದವರಲ್ಲ. ರಕ್ತ ಹೋಗುವುದು, ಮಲವಿಸರ್ಜನೆಯ ಕ್ರಮ ಕೆಲವು ವಾರ ಕಾಲ ಏರುಪೇರಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಇವುಗಳಲ್ಲಿ ಒಂದು ಕಂಡರೂ ತಡಮಾಡಬೇಡಿ. ತಂದೆ ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ ಲಕ್ಷಣಕ್ಕೆ ಕಾಯದೆ ವೈದ್ಯರನ್ನು ಕೇಳಿ.

ನಾಳೆ ನಿಮ್ಮೂರಿನ ಆಶಾ ಕಾರ್ಯಕರ್ತೆ ಪ್ರಶ್ನೆಗಳ ಹಾಳೆ ಹಿಡಿದು ಬಂದಾಗ, "ನಮಗೇನಾಗಿದೆ, ಮುಂದಿನ ಮನೆಗೆ ಹೋಗಮ್ಮ" ಎನ್ನುವ ಮೊದಲು ಐದು ನಿಮಿಷ ಕೂರಿಸಿ ಮಾತನಾಡಿ. ಹೋಗಲು ನಿಮಗಿರುವ ತೊಡಕು ಏನೆಂದು ಆಕೆಗೆ ಬಿಚ್ಚಿ ಹೇಳಿ. ಅದನ್ನು ಆಕೆ ಮೇಲಿನವರಿಗೆ ಮುಟ್ಟಿಸಲಿ, ಮೇಲಿನವರು ಕೇಳಿಸಿಕೊಳ್ಳಲಿ. ಕೇಳಿಸಿಕೊಂಡ ಕಡೆಗಳಲ್ಲಿ ಜನ ಬಂದಿದ್ದಾರೆ.